'ತುಘಲಕ್': ದ್ರೋಹಿ ಯಾರು?

ಗಿರೀಶ ಕಾರ್ನಾಡರ 'ತುಘಲಕ್' ನಾಟಕ ಪ್ರಕಟವಾದದ್ದು 1964ರಲ್ಲಿ. ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಒಯ್ದ, ತಾಮ್ರದ ನಾಣ್ಯ ತಂದ ಸುಲ್ತಾನನ ಕಥೆ ಎಲ್ಲರಿಗೂ ಗೊತ್ತು. ಆದರೆ ನಾಟಕದ ಜೀವಾಳವಿರುವುದು ನಂಬಿಕೆಯ ಪ್ರಶ್ನೆಯಲ್ಲಿ.

ಪ್ರಾರ್ಥನೆಯ ವೇಳೆಯಲ್ಲೇ ಸುಲ್ತಾನನನ್ನು ಮುಗಿಸಲು ಶಿಹಾಬುದ್ದೀನ ಅಮೀರರೊಡನೆ ಸಂಚು ಹೂಡುತ್ತಾನೆ. ಸೋದರನಂತಿದ್ದ ರತನಸಿಂಗನೇ ಗುಟ್ಟು ಬಿಟ್ಟುಕೊಡುತ್ತಾನೆ. ಸುಲ್ತಾನ ಶಿಹಾಬುದ್ದೀನನನ್ನು ಕೈಯಾರೆ ಇರಿದು ಕೊಂದು, ಆಮೇಲೆ ತನ್ನನ್ನು ಉಳಿಸಲು ಪ್ರಾಣ ಕೊಟ್ಟವನೆಂದು ಸಾರಿಸುತ್ತಾನೆ! ಸಂಚುಗಾರನಿಗೆ ಹುತಾತ್ಮನ ಗೌರವ. ಅತ್ತ, ಸುಲ್ತಾನನ ಒಳಿತಿಗೆಂದೇ ನಜೀಬನಿಗೆ ವಿಷ ಹಾಕಿಸಿದ ಮಲತಾಯಿಗೆ ಕಲ್ಲೇಟಿನ ಸಾವು. ಯಾವುದು ನಿಷ್ಠೆ, ಯಾವುದು ದ್ರೋಹ ಎಂದು ತೀರ್ಮಾನಿಸುವುದು ಅಧಿಕಾರವೇ ಎಂಬುದನ್ನು ಕಾರ್ನಾಡರು ಈ ಎರಡು ಸಾವುಗಳಲ್ಲೇ ತೋರಿಸಿಬಿಡುತ್ತಾರೆ.

ಒಂದು ಕೊರತೆಯನ್ನೂ ಹೇಳಬೇಕು. ಕಳ್ಳ ಅಜೀಜನಿಗೆ ಸಿಕ್ಕ ಮಾತಿನಲ್ಲಿ ಅರ್ಧದಷ್ಟಾದರೂ ಈ ಮಲತಾಯಿಗೆ ಸಿಗಬೇಕಿತ್ತು. ಅವಳ ಒಳಗುದಿ ನಮಗೆ ಪೂರ್ತಿ ಕಾಣುವುದೇ ಇಲ್ಲ.

ಕೊನೆಯಲ್ಲಿ ಇತಿಹಾಸಕಾರ ಬರನಿ ಬಂಡೇಳದೆ, ಬೆಂಬಲಿಸದೆ, ಅಪ್ಪಣೆ ಕೇಳಿ ಹೊರಡುತ್ತಾನೆ. ಚರಿತ್ರೆಯ ಬರನಿಯಾದರೋ 1351ರಲ್ಲಿ ಸುಲ್ತಾನ ಸಾಯುವವರೆಗೂ ಆಸ್ಥಾನ ಬಿಡಲಿಲ್ಲ. ಬಿಟ್ಟುಹೋಗುವವನು ಕಾರ್ನಾಡರ ಬರನಿ. ಅದು ದ್ರೋಹವೋ, ವಿವೇಕವೋ? ಊರು ಬಿಟ್ಟು ಬಂದ ನಾವು ಸುಲಭವಾಗಿ ದಾಟಲಾಗದ ಪ್ರಶ್ನೆಯಿದು. ಮನೆಯಲ್ಲಿ ಪುಸ್ತಕವಿದ್ದರೆ ಮತ್ತೊಮ್ಮೆ ತೆಗೆದು ಓದಿ.