ನಿಂತ ಗಾಡಿಗೆ ಬಿಸಿಲಿನ ಕಾವಲು

2020ರ ಲಾಕ್‌ಡೌನ್ ಸಡಿಲವಾದ ಮೇಲೆ ಗ್ಯಾರೇಜಿನವರಿಗೆ ಬಂದ ಫೋನ್‌ಗಳಲ್ಲಿ ಒಂದೇ ದೂರು: ಕೀ ತಿರುಗಿಸಿದರೆ ಕಟಕಟ ಅನ್ನುತ್ತದೆ, ಸೆಲ್ಫ್ ಎತ್ತುತ್ತಿಲ್ಲ. ಲಾಕ್ ಮಾಡಿ ನಿಲ್ಲಿಸಿದ ಕಾರೂ ಪೂರ್ತಿ ನಿದ್ದೆ ಮಾಡುವುದಿಲ್ಲ. ಅಲಾರಂ, ಗಡಿಯಾರ, ಎಂಜಿನ್ನಿನ ಕಂಪ್ಯೂಟರ್ ಆದ ಈಸಿಯು ಎಲ್ಲ ಸೇರಿ ಸುಮಾರು 30 ಮಿಲಿಆಂಪ್ ಎಳೆಯುತ್ತಲೇ ಇರುತ್ತವೆ. ದಿನಕ್ಕೆ 0.72 ಆಂಪ್-ಅವರ್ ಖರ್ಚು. ಸಣ್ಣ ಕಾರಿನ 35 ಆಂಪ್-ಅವರ್ ಬ್ಯಾಟರಿ 25 ದಿನಕ್ಕೆ ಅರ್ಧಕ್ಕಿಳಿಯುತ್ತದೆ. ಹಾಗೇ ಬಿಟ್ಟರೆ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜಿಗೆ ಹಾಕಿದರೂ ಬ್ಯಾಟರಿಗೆ ಹಳೆಯ ಕಸುವು ಬರುವುದಿಲ್ಲ.

ಇದಕ್ಕೆ ಮದ್ದು ಎಂದು ಮಾರಾಟವಾಗುತ್ತಿರುವುದು ಡ್ಯಾಶ್‌ಬೋರ್ಡ್ ಮೇಲಿಡುವ ಪುಟ್ಟ ಸೋಲಾರ್ ಪ್ಯಾನೆಲ್. ಉಪಾಯವೇನೋ ಸರಿಯಾದದ್ದೇ, ಕೆಟ್ಟಿರುವುದು ಅದರ ಅಳತೆ. 2.4 ವ್ಯಾಟ್ ಪ್ಯಾನೆಲ್ ಸುಡು ಬಿಸಿಲಲ್ಲಿ ಹೊರಗಿದ್ದರೆ 0.13 ಆಂಪ್ ಕೊಟ್ಟೀತು. ಗಾಜಿನ ಹಿಂದೆ, ಓರೆಯಾಗಿ, ಬಾಣಲೆಯಂತೆ ಕಾದ ಡ್ಯಾಶ್‌ಬೋರ್ಡ್ ಮೇಲೆ ಅದರ ಅರ್ಧ ಸಿಕ್ಕರೆ ಹೆಚ್ಚು. ಐದು ತಾಸು ಒಳ್ಳೆಯ ಬಿಸಿಲು ಬಿತ್ತು ಎಂದೇ ಇಟ್ಟುಕೊಂಡರೂ ಬಂದದ್ದು ಸುಮಾರು 0.33 ಆಂಪ್-ಅವರ್. ಕಾರು ತಿಂದದ್ದು 0.72. ಬ್ಯಾಟರಿ ಸಾಯುವುದು ಸ್ವಲ್ಪ ತಡವಾಗುತ್ತದೆ, ಅಷ್ಟೆ.

ಅಷ್ಟಾದರೂ ಬ್ಯಾಟರಿಗೆ ತಲುಪುತ್ತದೆಯೇ? ಇಂಥ ಪ್ಯಾನೆಲ್‌ಗಳ ಜೊತೆ ಬರುವುದು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಪ್ಲಗ್ಗು. ನಮ್ಮಲ್ಲಿ ಓಡಾಡುವ ಎಷ್ಟೋ ಕಾರುಗಳಲ್ಲಿ ಕೀ ತೆಗೆದೊಡನೆ ಆ ಸಾಕೆಟ್ಟಿನ ಸಂಪರ್ಕವೇ ಕಡಿದುಹೋಗುತ್ತದೆ. ಪ್ಯಾನೆಲ್ಲಿನ ಕೆಂಪು ಎಲ್‌ಇಡಿ ಮಾತ್ರ ಉರಿಯುತ್ತಿರುತ್ತದೆ, ಮಾಲೀಕ ನಿಶ್ಚಿಂತನಾಗಿರುತ್ತಾನೆ. ಕೀ ತೆಗೆದು ಸಾಕೆಟ್ಟಿಗೆ ಮೀಟರ್ ಇಟ್ಟು ನೋಡಿ. ಸೊನ್ನೆ ತೋರಿಸಿದರೆ ಪ್ಯಾನೆಲ್ ಅಲ್ಲಿ ಬರೀ ಅಲಂಕಾರ. ಫೋಕ್ಸ್‌ವ್ಯಾಗನ್ ಕಂಪನಿ 2000ದ ದಶಕದ ಆರಂಭದಲ್ಲಿ ಮಾರಾಟಕ್ಕೆ ಮುಂಚೆ ಕಾದು ನಿಲ್ಲುವ ಕಾರುಗಳಿಗೆ ಇಂಥದ್ದೇ ಸಣ್ಣ ಪ್ಯಾನೆಲ್ ಇಡುತ್ತಿತ್ತು. ಅದರ ಪ್ಲಗ್ಗು ಹೋಗುತ್ತಿದ್ದದ್ದು ಸಿಗರೇಟ್ ಸಾಕೆಟ್ಟಿಗಲ್ಲ, ಮೆಕ್ಯಾನಿಕ್‌ಗಳು ಗಾಡಿಯ ದೋಷ ಓದಲು ಬಳಸುವ, ಕೀ ತೆಗೆದರೂ ಬ್ಯಾಟರಿಗೆ ಕೂಡಿಕೊಂಡೇ ಇರುವ ಓಬಿಡಿ ಕಿಂಡಿಗೆ. ಕೆಲಸ ಗೊತ್ತಿದ್ದವರ ನಡೆ ಅದು.

ಹಾಗೆಂದು ಈ ಪದ್ಧತಿಯನ್ನೇ ತಳ್ಳಿಹಾಕುವಂತಿಲ್ಲ. ಬೇಸಿಗೆ ರಜೆಯಲ್ಲಿ ಮೈದಾನದಲ್ಲಿ ಎರಡು ತಿಂಗಳು ನಿಲ್ಲುವ ಶಾಲಾ ವ್ಯಾನನ್ನು ನೋಡಿ. ನಿಲ್ಲುವ ಕಾಲ, ಸುಡುವ ಕಾಲ ಎರಡೂ ಒಂದೇ. ಮೇಲ್ಛಾವಣಿಗೆ 10 ವ್ಯಾಟಿನ ಗಾಜಿನ ಪ್ಯಾನೆಲ್ ಕೂರಿಸಿ, ಫ್ಯೂಸ್ ಹಾಕಿದ ವೈರನ್ನು ನೇರ ಬ್ಯಾಟರಿ ಟರ್ಮಿನಲ್ಲಿಗೆ ಎಳೆದರೆ ದಿನಕ್ಕೆ ಎರಡು, ಎರಡೂವರೆ ಆಂಪ್-ಅವರ್ ಆರಾಮಾಗಿ ಬೀಳುತ್ತದೆ. ಎಲ್ಲ ಖರ್ಚು ಕಳೆದೂ ಮಿಗುತ್ತದೆ. ಮಿಗುವುದರಿಂದಲೇ ನಡುವೆ ಚಾರ್ಜ್ ಕಂಟ್ರೋಲರ್ ಬೇಕು. ಇಲ್ಲದಿದ್ದರೆ ತುಂಬಿದ ಬ್ಯಾಟರಿ ಕುದಿದು ನೀರು ಕಳೆದುಕೊಳ್ಳುತ್ತದೆ, ಈಗಿನ ಸೀಲ್ಡ್ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕಲು ಮುಚ್ಚಳವೂ ಇರುವುದಿಲ್ಲ. ದೊಡ್ಡ ಬಸ್ಸುಗಳದ್ದು ಇನ್ನೊಂದು ಕತೆ. ಅಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್. 12 ವೋಲ್ಟಿನ ಪ್ಯಾನೆಲ್ಲನ್ನು ಒಂದಕ್ಕೆ ಮಾತ್ರ ಕಟ್ಟಿದರೆ ಅದು ತುಂಬಿ ಉಕ್ಕುತ್ತದೆ, ಜೋಡಿಯದು ಸೊರಗುತ್ತದೆ.

'ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಡಿ' ಎಂಬ ಹಿರಿಯರ ಸಲಹೆಗಿಂತ ಹೀಗೆ ಸರಿಯಾಗಿ ಕಟ್ಟಿದ ಪ್ಯಾನೆಲ್ ಎಷ್ಟೋ ಮೇಲು. ಸೆಲ್ಫ್ ಎಳೆದದ್ದನ್ನು ಐಡಲಿಂಗಿನ ಐದು ನಿಮಿಷ ತುಂಬಿಕೊಟ್ಟರೆ ಅದೇ ದೊಡ್ಡದು, ಡೀಸೆಲ್ ಬೇರೆ ದಂಡ.

ಆದರೆ ಪ್ಯಾನೆಲ್ ಕಾಯುತ್ತದೆಯೇ ಹೊರತು ಸತ್ತದ್ದನ್ನು ಎಬ್ಬಿಸುವುದಿಲ್ಲ. ಪೂರ್ತಿ ಇಳಿದ ಬ್ಯಾಟರಿಯನ್ನು ಮೊದಲು ಅಂಗಡಿಯಲ್ಲಿ ಚಾರ್ಜ್ ಮಾಡಿಸಿ ತಂದೇ ಇದನ್ನು ಕಟ್ಟಬೇಕು. ಸ್ಥಿತಿ ಅಳೆಯುವುದಾದರೆ ಬೆಳಗಿನ ಜಾವ, ಬಿಸಿಲೇರುವ ಮುಂಚೆ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಬಂದಿದ್ದರೆ ಅರ್ಧ. ಮಧ್ಯಾಹ್ನ ಮೀಟರ್ ತೋರಿಸುವ 13.5 ಪ್ಯಾನೆಲ್ಲಿನ ಪ್ರತಾಪ, ಬ್ಯಾಟರಿಯದಲ್ಲ.

ಯಾರಿಗೆ ಬೇಡ ಎಂಬುದನ್ನೂ ಹೇಳಬೇಕು. ಎಲೆಕ್ಟ್ರಾನಿಕ್ಸ್ ಇಲ್ಲದ ಹಳೆಯ ಟ್ರ್ಯಾಕ್ಟರ್ ನಿಂತಾಗ ಹೆಚ್ಚೇನೂ ಎಳೆಯುವುದಿಲ್ಲ. ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟರೆ ಒಂದೆರಡು ತಿಂಗಳು ನಿರಾತಂಕ, ಖರ್ಚು ಒಂದು ಸ್ಪ್ಯಾನರ್. ಮಲೆನಾಡಿನಲ್ಲಿ ಗಾಡಿ ಹೆಚ್ಚು ನಿಲ್ಲುವುದೇ ಆಷಾಢ-ಶ್ರಾವಣದ ಜಡಿಮಳೆಯಲ್ಲಿ. ಆಗ ಪ್ಯಾನೆಲ್ಲಿನಿಂದ ಐದರಲ್ಲಿ ಒಂದು ಪಾಲು ಹುಟ್ಟಿದರೆ ಪುಣ್ಯ. ಇನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟ್. ವಾರಗಟ್ಟಲೆ ಕಾರು ಅಲ್ಲಾಡದೆ ನಿಲ್ಲುವುದು ಅಲ್ಲೇ, ಆನ್‌ಲೈನಿನಲ್ಲಿ ಇಂಥ ಪ್ಯಾನೆಲ್ ತರಿಸಿಕೊಳ್ಳುವವರೂ ಅಲ್ಲಿಯವರೇ, ಬಿಸಿಲು ಇಣುಕದ ಜಾಗವೂ ಅದೇ. ಅವರು ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ, ಗೋಡೆಯ ಪ್ಲಗ್ಗಿಗೆ ಹಾಕುವ ಟ್ರಿಕಲ್ ಚಾರ್ಜರ್ ಕೊಳ್ಳಲಿ. ಅಸೋಸಿಯೇಷನ್‌ನವರು ಪ್ಲಗ್ ಪಾಯಿಂಟ್ ಕೊಟ್ಟರೆ.