ತಾರೀಖಿಲ್ಲದ ತೀರ್ಪು

ವರ್ಣಭೇದದ ಆಳ್ವಿಕೆ ಅಳಿದ ಮೇಲೆ ದಕ್ಷಿಣ ಆಫ್ರಿಕ ರಚಿಸಿಕೊಂಡ 1996ರ ಸಂವಿಧಾನವನ್ನು ಹೊಗಳದವರು ಕಡಮೆ. ಅದರ ಎರಡನೆಯ ಅಧ್ಯಾಯವಾದ ಹಕ್ಕುಗಳ ಸನದನ್ನು ಓದಿ ನಮಗೂ ಸಂತೋಷವಾಯಿತು. ನಮ್ಮ ಸಂವಿಧಾನದ ನಿರ್ದೇಶಕ ತತ್ತ್ವಗಳನ್ನು ಹಿಡಿದುಕೊಂಡು ನೇರವಾಗಿ ಕೋರ್ಟಿನ ಮೆಟ್ಟಿಲು ಹತ್ತುವಂತಿಲ್ಲ. ಅಲ್ಲಿ ಮನೆ, ನೀರು, ಆಹಾರ, ಚಿಕಿತ್ಸೆಗಳಿಗೂ ಹತ್ತಬಹುದು. ಚರ್ಮದ ಬಣ್ಣ ನೋಡಿ ಜನರನ್ನು ಊರಾಚೆ ಅಟ್ಟಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಹಕ್ಕಿನ ಬೆಲೆ ತಿಳಿಯುವುದು ಅದನ್ನು ಕೇಳಲು ಹೋದಾಗ.

ಐರೀನ್ ಗ್ರೂಟ್‌ಬೂಮ್ ಹಾಗೆ ಕೇಳಲು ಹೋದವರು. ಕೇಪ್‌ಟೌನ್ ಬಳಿಯ ವಾಲಸ್‌ಡೀನ್‌ನ ನೀರು ನಿಲ್ಲುವ ಗುಡಿಸಲುಗಳನ್ನು ಬಿಟ್ಟು ಖಾಸಗಿ ಜಮೀನಿನಲ್ಲಿ ನೆಲೆಸಿದ್ದ ಸುಮಾರು 900 ಜನರನ್ನು 1999ರ ಮೇ ತಿಂಗಳಲ್ಲಿ ಒಕ್ಕಲೆಬ್ಬಿಸಿದರು. ಗುಡಿಸಲುಗಳನ್ನು ಬುಲ್‌ಡೋಜರಿನಿಂದ ಕೆಡವಿ ಸುಟ್ಟರು. ಜನ ಆಟದ ಮೈದಾನ ಸೇರಿದರು. 2000ದ ಅಕ್ಟೋಬರಿನಲ್ಲಿ ಸಂವಿಧಾನ ನ್ಯಾಯಾಲಯದ ತೀರ್ಪು ಬಂತು. ಬರೆದವರು ಭಾರತೀಯ ಮೂಲದ, ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ನ್ಯಾಯಮೂರ್ತಿ ಜಾಕ್ ಯಾಕೂಬ್. ಸರ್ಕಾರದ ವಸತಿ ಯೋಜನೆ ದೊಡ್ಡದೇ ಇರಬಹುದು. ಸೂರೇ ಇಲ್ಲದವರಿಗೆ ಕೂಡಲೇ ಆಸರೆ ಕೊಡುವ ಏರ್ಪಾಡು ಅದರಲ್ಲಿಲ್ಲ, ಆದ್ದರಿಂದ ಅದು ಸಂವಿಧಾನಕ್ಕೆ ಒಪ್ಪುವಂಥದಲ್ಲ ಎಂಬುದು ಅದರ ಸಾರ.

ನಮ್ಮ ಆಕ್ಷೇಪಣೆ ಇಷ್ಟೇ: ತೀರ್ಪಿನಲ್ಲಿ ತತ್ತ್ವವಿದೆ, ತಾರೀಖಿಲ್ಲ. ಇಂತಿಷ್ಟು ದಿನದೊಳಗೆ ವರದಿ ಒಪ್ಪಿಸಿರೆಂದು ಕೋರ್ಟು ಹೇಳಲಿಲ್ಲ. ಗಮನಿಸುವ ಕೆಲಸವನ್ನು ಮಾನವ ಹಕ್ಕುಗಳ ಆಯೋಗಕ್ಕೆ ಬಿಟ್ಟಿತು. ಲಭ್ಯ ಸಂಪನ್ಮೂಲದ ಮಿತಿಯೊಳಗೆ, ಹಂತಹಂತವಾಗಿ ಎಂಬ ಷರತ್ತುಗಳು ಸಂವಿಧಾನದಲ್ಲೇ ಇವೆ. ಕಡತಗಳ ನಡುವೆಯೇ ಕೂದಲು ನರೆಸಿಕೊಂಡ ನಮ್ಮಂಥ ಗುಮಾಸ್ತರಿಗೆ ಇಂಥ ಮಾತುಗಳ ಶಕ್ತಿ ಚೆನ್ನಾಗಿ ಗೊತ್ತು. ಗಡುವಿಲ್ಲದ ಕಾಗದ 'ಪರಿಶೀಲನೆಯಲ್ಲಿದೆ' ಎಂಬ ಷರಾ ಹೊತ್ತು ಬೀರು ಸೇರುತ್ತದೆ.

ಖಜಾನೆಯ ಕೀಲಿ ನ್ಯಾಯಾಧೀಶರ ಕೈಯಲ್ಲಿರಬಾರದೆಂಬ ವಾದವನ್ನು ನಾವು ಒಪ್ಪುತ್ತೇವೆ. ಗಡುವು ಕೇಳುವುದು ಕೀಲಿ ಕೇಳಿದಂತಲ್ಲ. ಎಚ್.ಐ.ವಿ. ಸೋಂಕು ತಾಯಿಯಿಂದ ಮಗುವಿಗೆ ತಗಲದಂತೆ ತಡೆಯುವ ನೆವಿರಪಿನ್ ಔಷಧವನ್ನು ಸರ್ಕಾರ ಕೆಲವೇ ಆಸ್ಪತ್ರೆಗಳಿಗೆ ಸೀಮಿತಗೊಳಿಸಿದ್ದಾಗ, ಆ ನಿರ್ಬಂಧವನ್ನು ತಡಮಾಡದೆ ತೆಗೆಯಿರೆಂದು ಇದೇ ಕೋರ್ಟು 2002ರಲ್ಲಿ ನೇರ ಆಜ್ಞೆ ಮಾಡಿತಲ್ಲ! ಔಷಧದ ವಿಷಯದಲ್ಲಿ ತೋರಿದ ಗಟ್ಟಿತನವನ್ನು ಸೂರಿನ ವಿಷಯದಲ್ಲೂ ತೋರಬಹುದಿತ್ತು.

ಗ್ರೂಟ್‌ಬೂಮ್ ಅವರ ಹೆಸರಿನ ತೀರ್ಪನ್ನು ಮುಂದಿಟ್ಟುಕೊಂಡು ಆಮೇಲೆ ಬೇರೆಯವರು ನ್ಯಾಯ ಪಡೆದದ್ದುಂಟು. ಕಾನೂನು ಕಾಲೇಜುಗಳಲ್ಲಿ ಇಂದಿಗೂ ಅದನ್ನು ಓದಿಸುತ್ತಾರೆ. ಅವರು ಮಾತ್ರ 2008ರಲ್ಲಿ ತೀರಿಕೊಂಡಾಗಲೂ ಗುಡಿಸಲಿನಲ್ಲೇ ಇದ್ದರು.