ಅಡುಗೆಮನೆಯ ಪ್ರಾರ್ಥನೆ, ಮಠದ ಗಂಟೆ

ನಿರಂತರ ಪ್ರಾರ್ಥನೆಯ ಬಗ್ಗೆ ಕ್ರೈಸ್ತರು ಶತಮಾನಗಳಿಂದ ಓದುತ್ತ ಬಂದಿರುವ ಪುಸ್ತಕಗಳಲ್ಲಿ ‘ದೇವಸಾನ್ನಿಧ್ಯದ ಅಭ್ಯಾಸ’ ಮುಖ್ಯವಾದದ್ದು. ಇದು ಬ್ರದರ್ ಲಾರೆನ್ಸ್ ಕೂತು ಬರೆದ ಗ್ರಂಥವಲ್ಲ. ಪ್ಯಾರಿಸ್ಸಿನ ಕಾರ್ಮೆಲ್ ಮಠವೊಂದರಲ್ಲಿ ಅಡುಗೆ ಕೆಲಸಕ್ಕಿದ್ದ ಆ ಸಹೋದರರೊಡನೆ ನಡೆದ ನಾಲ್ಕು ಸಂಭಾಷಣೆಗಳ ಟಿಪ್ಪಣಿ, ಅವರು ಆಪ್ತರಿಗೆ ಬರೆದ ಪತ್ರಗಳು, ಕೆಲವು ಆಧ್ಯಾತ್ಮಿಕ ಸೂತ್ರಗಳು, ಇಷ್ಟೇ ಅದರ ಸಾಮಗ್ರಿ. ಜೋಸೆಫ್ ದ ಬೊಫೋರ್ ಎಂಬ ಗುರುಗಳು 1666ರ ಆಗಸ್ಟ್ 3ರಂದು ಮೊದಲ ಸಲ ಅವರೊಡನೆ ಮಾತಾಡಿದರು. ಲಾರೆನ್ಸ್ 1691ರ ಫೆಬ್ರುವರಿ 12ರಂದು ತೀರಿಕೊಂಡ ಮೇಲೆ 1692 ಮತ್ತು 1694ರಲ್ಲಿ ಇವೆಲ್ಲವನ್ನೂ ಅಚ್ಚು ಹಾಕಿಸಿದರು. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕ ಪುಸ್ತಕ. ದೇವರು ಸದಾ ಬಳಿಯಲ್ಲೇ ಇದ್ದಾರೆಂಬ ಅರಿವಿನಲ್ಲಿ, ಕೆಲಸದ ನಡುವೆಯೂ ಅವರೊಡನೆ ಮಾತಾಡುತ್ತಿರುವುದನ್ನು ರೂಢಿ ಮಾಡಿಕೊಂಡರೆ ಆತ್ಮಕ್ಕೆ ಅಲುಗಾಡದ ಬಲ ಬರುತ್ತದೆ ಎಂಬುದು ಅದರ ತಿರುಳು. ಮಾತು ನಿಜ. ಆದರೆ ಪುಸ್ತಕ ಬಾಯಿಬಿಟ್ಟು ಹೇಳುವುದು ಅದರ ಅರ್ಧವನ್ನು ಮಾತ್ರ. ಉಳಿದರ್ಧ ಲಾರೆನ್ಸ್ ಬದುಕಿದ ಮಠದ ದಿನಚರಿಯಲ್ಲಿ ಅಡಗಿದೆ. ಅದನ್ನು ಬಿಟ್ಟು ಓದಿದವರಿಗೆ ಪುಸ್ತಕ ಹಿಡಿಸುತ್ತದೆ, ಅಭ್ಯಾಸ ಮಾತ್ರ ಕೈಗೆ ಹತ್ತುವುದಿಲ್ಲ.

ಲಾರೆನ್ಸರ ಮೊದಲ ಹೆಸರು ನಿಕೊಲಾ ಎರ್ಮಾನ್. ಹುಟ್ಟಿದ್ದು 1614ರ ಸುಮಾರಿಗೆ, ಲೊರೇನ್ ಸೀಮೆಯ ಲ್ಯೂನೆವಿಲ್ ಹತ್ತಿರದ ಎರಿಮೆನಿಲ್ ಎಂಬ ಊರಿನಲ್ಲಿ. ಹದಿನೆಂಟನೆಯ ವಯಸ್ಸಿನಲ್ಲಿ, ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಬೋಳಾಗಿದ್ದ ಮರವೊಂದನ್ನು ಕಂಡಾಗ, ಇದೇ ಮರ ಇನ್ನು ಕೆಲವು ದಿನಗಳಲ್ಲಿ ಚಿಗುರಿ ಹೂಬಿಡುತ್ತದಲ್ಲ ಎಂಬ ಯೋಚನೆಯೇ ಅವರ ಮನಸ್ಸನ್ನು ದೇವರ ಕಡೆ ತಿರುಗಿಸಿತು. ಆಮೇಲೆ ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾದರು. ಕಾಲಿಗೆ ಬಿದ್ದ ಪೆಟ್ಟು ಬದುಕಿನುದ್ದಕ್ಕೂ ಕುಂಟುವಂತೆ ಮಾಡಿತು. ಶ್ರೀಮಂತರೊಬ್ಬರ ಮನೆಯಲ್ಲಿ ಆಳಾಗಿಯೂ ಇದ್ದರು, ಮುಟ್ಟಿದ್ದನ್ನೆಲ್ಲ ಒಡೆಯುವ ಒಡ್ಡೊಡ್ಡ ಆಳು ತಾನಾಗಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. 1640ರಲ್ಲಿ ವೊಜಿರಾರ್ ಬೀದಿಯ ಬರಿಗಾಲ ಕಾರ್ಮೆಲ್ ಸಭೆಯ ಮಠ ಸೇರಿದರು. ಗುರುದೀಕ್ಷೆಗೆ ಬೇಕಾದ ಓದಿಲ್ಲದ ಕಾರಣ ಸೇವಾ ಸಹೋದರರಾಗಿ ಉಳಿದರು. ಅಡುಗೆಯೆಂದರೆ ಸ್ವಭಾವತಃ ಒಗ್ಗದ ಮನುಷ್ಯನಿಗೆ ಹದಿನೈದು ವರ್ಷ ಅಡುಗೆಮನೆಯೇ ಪಾಲಾಯಿತು. ಆಮೇಲೆ ಮಠದವರ ಚಪ್ಪಲಿ ಹೊಲಿಯುವ ಕೆಲಸ.

ಬಾಣಲೆಯಲ್ಲಿ ಮೊಟ್ಟೆಯ ದೋಸೆ ಮಗುಚುವುದನ್ನೂ ದೇವರ ಪ್ರೀತಿಗಾಗಿಯೇ ಮಾಡುವುದು, ಅದು ಮುಗಿದ ಮೇಲೆ ಬೇರೆ ಕೆಲಸವಿಲ್ಲದಿದ್ದರೆ ಅಲ್ಲೇ ನೆಲಕ್ಕೆ ಮಣಿದು ಆರಾಧಿಸುವುದು, ನೆಲದ ಮೇಲಿನ ಒಂದು ಹುಲ್ಲುಕಡ್ಡಿಯನ್ನು ಎತ್ತಿಡುವಾಗಲೂ ಅದೇ ಭಾವ. ಈ ಚಿತ್ರಗಳು ಎಲ್ಲ ಓದುಗರ ನೆನಪಿನಲ್ಲಿ ಉಳಿಯುತ್ತವೆ. ಇವುಗಳಿಗಿಂತ ಹೆಚ್ಚು ತಿಳಿಸುವ ಪ್ರಸಂಗ ಎರಡನೆಯ ಸಂಭಾಷಣೆಯಲ್ಲಿದೆ. ಮಠಕ್ಕೆ ದ್ರಾಕ್ಷಾರಸ ಕೊಂಡು ತರಲು ಲಾರೆನ್ಸರನ್ನು ಬರ್ಗಂಡಿಗೆ ಕಳಿಸಿದರು. ವ್ಯಾಪಾರದ ಚಾತುರ್ಯ ಅವರಿಗಿರಲಿಲ್ಲ. ಕುಂಟುಗಾಲಿನಿಂದಾಗಿ ದೋಣಿಯಲ್ಲಿ ನಡೆದಾಡಲು ಆಗದೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಆಚೀಚೆ ಹೋಗಬೇಕಾಯಿತು. ಇದು ನಿನ್ನದೇ ಕೆಲಸ ಎಂದು ದೇವರಿಗೆ ಒಪ್ಪಿಸಿ ಹೊರಟರು. ಕೆಲಸ ಚೆನ್ನಾಗಿಯೇ ಆಯಿತು. ಇಲ್ಲಿ ಪವಾಡವಿಲ್ಲ, ಭಾವಾವೇಶವಿಲ್ಲ. ಕಾಲು ನೆಟ್ಟಗಾಗಲಿಲ್ಲ, ವ್ಯಾಪಾರ ಪ್ರಿಯವೂ ಆಗಲಿಲ್ಲ. ಒಲ್ಲದ ಕೆಲಸವನ್ನು ಗೊಣಗದೆ, ಹೆದರದೆ ಮಾಡಿ ಮುಗಿಸುವ ಶಕ್ತಿ ಇತ್ತು. ಪ್ರಾರ್ಥನೆಯಿಂದ ಬರುವ ಆತ್ಮಬಲವೆಂದರೆ ಏನೆಂದು ಕೇಳುವವರಿಗೆ ಪುಸ್ತಕ ಕೊಡುವ ಅತ್ಯುತ್ತಮ ಉತ್ತರ ಇದೇ.

ಲಾರೆನ್ಸರ ಮಾತು ಎಷ್ಟು ದಿಟ್ಟವೆಂಬುದು ಅವರ ಸಭೆಯ ಮೂಲ ನಿಯಮದ ಪಕ್ಕದಲ್ಲಿಟ್ಟು ನೋಡಿದಾಗ ತಿಳಿಯುತ್ತದೆ. ಹದಿಮೂರನೆಯ ಶತಮಾನದ ಆರಂಭದಲ್ಲಿ ಜೆರುಸಲೇಮಿನ ಧರ್ಮಪಿತರಾಗಿದ್ದ ಅಲ್ಬರ್ಟರು ಕಾರ್ಮೆಲ್ ಬೆಟ್ಟದ ಸನ್ಯಾಸಿಗಳಿಗೆ ಕೊಟ್ಟ ನಿಯಮವು ಹಗಲಿರುಳು ದೇವರ ವಾಕ್ಯವನ್ನು ಧ್ಯಾನಿಸುತ್ತ ಪ್ರಾರ್ಥನೆಯಲ್ಲಿ ಎಚ್ಚರವಾಗಿರಲು ವಿಧಿಸುತ್ತದೆ. ಜೊತೆಗೇ ಒಂದು ವಿನಾಯಿತಿಯೂ ಇದೆ: ಬೇರೆ ನ್ಯಾಯವಾದ ಕೆಲಸವಿರುವ ಹೊತ್ತನ್ನು ಬಿಟ್ಟು. ಅಡುಗೆಯವನ ಇಡೀ ದಿನ ಈ ವಿನಾಯಿತಿಯೊಳಗೇ ಕಳೆಯುತ್ತದೆ. ಲಾರೆನ್ಸ್ ವಿನಾಯಿತಿಯನ್ನು ಬಳಸಿಕೊಳ್ಳಲಿಲ್ಲ. ಪಾತ್ರೆಗಳ ಸದ್ದು, ಒಂದೇ ಹೊತ್ತಿಗೆ ನಾಲ್ಕು ಜನ ನಾಲ್ಕು ಕೇಳುವ ಗಡಿಬಿಡಿ, ಇದೇ ತನ್ನ ಧ್ಯಾನದ ಕೋಣೆ ಎಂದರು. ಸಂತ ಪೌಲರು ಥೆಸಲೋನಿಕದ ಸಭೆಗೆ ಕೊಟ್ಟ ಎಡೆಬಿಡದ ಪ್ರಾರ್ಥನೆಯ ಬುದ್ಧಿಮಾತನ್ನು ಸನ್ಯಾಸಿಗಳ ಪಾಲಿನ ಆದರ್ಶವೆಂದು ದೂರವಿಡದೆ, ಅಕ್ಷರಶಃ ಬದುಕಿ ತೋರಿಸಿದ ಧೈರ್ಯ ಅವರದು. ಕೂಲಿಗೆ ಹೋಗುವವರಿಗೂ, ಕೈಗೂಸು ಸಂಭಾಳಿಸುವ ತಾಯಂದಿರಿಗೂ ಈ ಪುಸ್ತಕ ಇಷ್ಟು ಆಪ್ತವಾಗಿರುವುದು ಅದಕ್ಕೇ.

ತೊಡಕು ಶುರುವಾಗುವುದೂ ಇಲ್ಲಿಯೇ. ಪ್ರಾರ್ಥನೆಗೆಂದು ಬೇರೆ ಹೊತ್ತಿನ ಅಗತ್ಯ ತನಗೆ ಕಾಣುವುದಿಲ್ಲ, ಮೇಲಿನವರು ಹೇಳಿದ ಹೊತ್ತಿಗೆ ಪ್ರಾರ್ಥನೆಗೆ ಕೂರುತ್ತೇನೆ, ಆದರೆ ತಾನಾಗಿ ಅದನ್ನು ಕೇಳುವುದಿಲ್ಲ, ಕೆಲಸದ ಹೊತ್ತಿಗೂ ಪ್ರಾರ್ಥನೆಯ ಹೊತ್ತಿಗೂ ತನಗೆ ಭೇದವಿಲ್ಲ ಎಂಬರ್ಥದ ಮಾತುಗಳು ಸಂಭಾಷಣೆಗಳಲ್ಲಿವೆ. ಇವನ್ನು ಹಿಡಿದು, ನಿಗದಿತ ಪ್ರಾರ್ಥನೆ ಬೇಡ, ನಡೆದಾಡುತ್ತ ದೇವರನ್ನು ನೆನೆದರೆ ಸಾಕು ಎಂದು ಸಾರುವ ಬೋಧನೆಗಳು ಸಾಕಷ್ಟು ಬಂದಿವೆ. ಈ ಓದು ತಪ್ಪು, ಮತ್ತು ಅದರಿಂದ ಆಗುವ ನಷ್ಟ ದೊಡ್ಡದು. ಆ ಮಾತಾಡಿದಾಗ ಲಾರೆನ್ಸ್ ಮಠ ಸೇರಿ ಇಪ್ಪತ್ತೈದು ವರ್ಷ ದಾಟಿತ್ತು. ಅವರಿದ್ದ ಮನೆಯಲ್ಲಿ ಗಂಟೆ ಹೊಡೆದಾಗ ಏಳಬೇಕು, ಗಂಟೆ ಹೊಡೆದಾಗ ಪೂಜೆಗೆ ನಿಲ್ಲಬೇಕು. ಆವಿಲಾದ ಸಂತ ತೆರೇಸರು ರೂಪಿಸಿದ ಕಟ್ಟಳೆಯಂತೆ ಬರಿಗಾಲ ಕಾರ್ಮೆಲ್ ಸಭೆಯವರು ದಿನಕ್ಕೆ ಎರಡು ತಾಸು ಮೌನಧ್ಯಾನಕ್ಕೆ ಕೂರುತ್ತಾರೆ, ಬೆಳಗ್ಗೆ ಒಂದು, ಸಂಜೆ ಒಂದು. ಕೀರ್ತನೆಗಳನ್ನು ಓದಲು ಬಾರದ ಸಹೋದರರಿಗೂ ಅಲ್ಬರ್ಟರ ನಿಯಮ ರಿಯಾಯಿತಿ ಕೊಟ್ಟಿರಲಿಲ್ಲ. ಅವರು ರಾತ್ರಿಯ ಜಾಗರಣೆಗೆ 25 ಸಲ, ಸಂಜೆಯ ಪ್ರಾರ್ಥನೆಗೆ 15 ಸಲ, ಉಳಿದ ಒಂದೊಂದು ವೇಳೆಗೆ 7 ಸಲ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯನ್ನು ಹೇಳಬೇಕಿತ್ತು. ಹೊಸಬರಾಗಿದ್ದಾಗ ನಿಗದಿತ ಹೊತ್ತುಗಳಲ್ಲಿ ಸಾವು, ತೀರ್ಪು, ಸ್ವರ್ಗ, ನರಕ, ತನ್ನ ಪಾಪಗಳನ್ನು ಕುರಿತು ಧ್ಯಾನಿಸುತ್ತಿದ್ದೆನೆಂದು ಲಾರೆನ್ಸರೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಗೋಡೆ ಗಟ್ಟಿಯಾದ ಮೇಲೆ ಸಾರುವೆಯ ನೆನಪು ಯಾರಿಗೂ ಇರುವುದಿಲ್ಲ. ಆದರೆ ಸಾರುವೆಯಿಲ್ಲದೆ ಗೋಡೆ ಏಳುವುದಿಲ್ಲ.

ಕ್ರೈಸ್ತ ಪರಂಪರೆ ಇದನ್ನು ಮೊದಲಿನಿಂದಲೂ ಬಲ್ಲದು. ದಾನಿಯೇಲನು ಬಾಬೆಲಿನಲ್ಲಿ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದನು. ಆದಿ ಸಭೆಯ ‘ದಿದಖೆ’ ಎಂಬ ಬೋಧನಾಗ್ರಂಥ ಪ್ರಭುವಿನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಲು ಕಲಿಸುತ್ತದೆ. ಕಪೆರ್ನೌಮಿನಲ್ಲಿ ಹೊತ್ತು ಮುಳುಗಿದ ಮೇಲೂ ರೋಗಿಗಳನ್ನು ಗುಣಪಡಿಸಿದ ಯೇಸು ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರೆಂದು ಮಾರ್ಕನ ಸುವಾರ್ತೆ ಹೇಳುತ್ತದೆ. ಸೇವೆಯೇ ಪ್ರಾರ್ಥನೆ, ಬೇರೆ ಪ್ರಾರ್ಥನೆ ಏಕೆ ಎನ್ನಬಹುದಾದ ಹಕ್ಕು ಯಾರಿಗಾದರೂ ಇದ್ದಿದ್ದರೆ ಅದು ಅವರಿಗಿತ್ತು. ಕರಾವಳಿಯ ಕಥೋಲಿಕ ಮನೆಗಳಲ್ಲಿ ಸಂಜೆಯಾದೊಡನೆ ಎಲ್ಲರೂ ಕೂಡಿ ಹೇಳುವ ತೆರ್ಸ್ ಎಂಬ ಜಪಮಾಲೆ ಪ್ರಾರ್ಥನೆ, ಪ್ರೊಟೆಸ್ಟೆಂಟ್ ಮನೆಗಳ ಕುಟುಂಬ ಪ್ರಾರ್ಥನೆ ಇವು ಮಾಡುವ ಕೆಲಸವೂ ಇದೇ. ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸು ದೇವಾಲಯವನ್ನು ನಡೆಸುತ್ತಿರುವವರು ಲಾರೆನ್ಸ್ ಸೇರಿದ್ದ ಸಭೆಯವರೇ ಆದ ಬರಿಗಾಲ ಕಾರ್ಮೆಲ್ ಸನ್ಯಾಸಿಗಳು. ಮನೆಮಂದಿ ದಿನಾ ಒಂದೇ ಹೊತ್ತಿಗೆ ಕೂರುವ ಕಡೆ ಲಾರೆನ್ಸರ ಮಾತು ಬೇಗ ಬೇರು ಬಿಡುತ್ತದೆ, ಯಾಕೆಂದರೆ ಅಲ್ಲಿ ನೆಲ ಹದವಾಗಿರುತ್ತದೆ.

ಪುಸ್ತಕದ ಶ್ರೇಷ್ಠ ಭಾಗ ಯಾವುದೆಂದು ಆರಿಸಬೇಕಾದರೆ ಅದು ಸೋಲಿನ ಬಗ್ಗೆ ಇರುವ ಪುಟಗಳು. ಮೊದಲ ಹತ್ತು ವರ್ಷ ತಾನು ಬಹಳ ನೊಂದೆನೆಂದು ಲಾರೆನ್ಸ್ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಹಳೆಯ ಪಾಪಗಳ ನೆನಪು ಕಾಡುತ್ತಿತ್ತು, ಬೀಳುವುದು ಏಳುವುದು ನಡೆದೇ ಇತ್ತು, ಮನುಷ್ಯರು, ಬುದ್ಧಿ, ದೇವರೇ ತನಗೆ ಎದುರಾಗಿ ನಿಂತಂತೆ ಅನಿಸುತ್ತಿತ್ತು. ಬದುಕಿನ ಕೊನೆಯವರೆಗೂ ಹೀಗೇ ಆದರೂ ಸರಿ, ಅಭ್ಯಾಸ ಬಿಡುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಾಗ ಶಾಂತಿ ಇಳಿದುಬಂತು. ಹತ್ತು ವರ್ಷ ಎಂಬ ಈ ಲೆಕ್ಕವನ್ನು ಭಕ್ತಿಪುಸ್ತಕಗಳು ಸಾಮಾನ್ಯವಾಗಿ ಓದುಗರಿಗೆ ಹೇಳುವುದಿಲ್ಲ. ಪ್ರಾರ್ಥಿಸಿದ ಮರುಕ್ಷಣ ಸಮಾಧಾನ ಸಿಗಬೇಕೆಂದು ಕಾಯುವವರು ನಾಲ್ಕು ದಿನಕ್ಕೆ ಕೈಬಿಡುತ್ತಾರೆ. ಕೈಬಿಟ್ಟ ಮೇಲೆ ತಮ್ಮ ವಿಶ್ವಾಸವೇ ಸುಳ್ಳೇನೋ ಎಂದು ಕೊರಗುತ್ತಾರೆ. ಅಂಥವರಿಗೆ ಈ ಒಂದು ಪತ್ರ ಎಷ್ಟೋ ಪ್ರವಚನಗಳಿಗಿಂತ ಮೇಲು.

ತಪ್ಪಿದಾಗ ಲಾರೆನ್ಸ್ ಮಾಡುತ್ತಿದ್ದುದು ಸರಳ. ನೀನು ಕೈಬಿಟ್ಟರೆ ನಾನು ಮಾಡುವುದು ಇದನ್ನೇ ಎಂದು ದೇವರೆದುರು ಒಪ್ಪಿಕೊಂಡು, ಮತ್ತೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳದೆ ಕೆಲಸಕ್ಕೆ ಮರಳುತ್ತಿದ್ದರು. ಪ್ರಾರ್ಥನೆಯಲ್ಲಿ ಮನಸ್ಸು ಅಲೆಯುತ್ತದೆ ಎಂದು ಬರೆದವರಿಗೆ, ಉದ್ದುದ್ದ ಮಾತು ಬೇಡ, ಶ್ರೀಮಂತನ ಬಾಗಿಲಲ್ಲಿ ಕೂತ ಮೂಕ ಭಿಕ್ಷುಕನಂತೆ ದೇವರ ಮುಂದೆ ಸುಮ್ಮನೆ ಕೂರಿ, ಮನಸ್ಸು ಓಡಿದರೆ ಮೆಲ್ಲನೆ ಕರೆತನ್ನಿ ಎಂದರು. ಸೈನಿಕನೊಬ್ಬನ ವಿಷಯ ಬಂದಾಗ, ಕೈಯಲ್ಲಿ ಕತ್ತಿ ಹಿಡಿದು ಸಾಗುವಾಗಲೂ ಒಂದು ಕ್ಷಣ ಹೃದಯವನ್ನು ಮೇಲೆತ್ತಿದರೆ ಅದು ಪ್ರಾರ್ಥನೆಯೇ ಎಂದು ಬರೆದರು. ಯುದ್ಧ ಕಂಡ ಮನುಷ್ಯನ ಮಾತಾದ್ದರಿಂದ ಅದಕ್ಕೆ ತೂಕವಿದೆ. ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಸ್ಥಿರತೆಯೆಂದರೆ ಒಂದು ಸಲವೂ ತಪ್ಪದಿರುವುದಲ್ಲ, ತಪ್ಪಿದ ಕಡೆಯಿಂದ ತಡಮಾಡದೆ ಮರಳುವುದು ಎಂಬುದು ಸ್ಪಷ್ಟವಾಗುತ್ತದೆ. ಸಾವಿರ ಸಲ ಮರಳಿದ ಮನಸ್ಸಿಗೆ ದಾರಿ ರೂಢಿಯಾಗುತ್ತದೆ. ಕಷ್ಟ ಬಂದಾಗ ಅದು ದಾರಿ ಹುಡುಕುತ್ತ ನಿಲ್ಲುವುದಿಲ್ಲ.

ಈ ಸರಳತೆಯೇ ಪುಸ್ತಕಕ್ಕೆ ತೊಂದರೆಯನ್ನೂ ತಂದಿತು. ಪ್ರಯತ್ನವನ್ನೆಲ್ಲ ಬಿಟ್ಟು ದೇವರಲ್ಲಿ ನಿಶ್ಚಲವಾಗಿ ನಿಂತರೆ ಸಾಕೆಂಬ ಪಂಥದ ಬಗ್ಗೆ ಆಗ ಫ್ರಾನ್ಸಿನಲ್ಲಿ ದೊಡ್ಡ ವಿವಾದವಿತ್ತು. ಲಾರೆನ್ಸರನ್ನು ಕಂಡು ಮೆಚ್ಚಿದ್ದ ಫೆನೆಲೋನ್ ಎಂಬ ಧರ್ಮಾಧ್ಯಕ್ಷರ ಗ್ರಂಥದ ಕೆಲವು ಮಾತುಗಳನ್ನು ಇದೇ ವಿವಾದದಲ್ಲಿ 1699ರಲ್ಲಿ ಪೋಪ್ ಹನ್ನೆರಡನೆಯ ಇನ್ನೊಸೆಂಟ್ ಖಂಡಿಸಿದರು. ಆ ನೆರಳು ಲಾರೆನ್ಸರ ಮೇಲೂ ಬಿತ್ತು. ಕಥೋಲಿಕ ಸಹೋದರನ ಪುಸ್ತಕವನ್ನು ಮುಂದೆ ಜೀವಂತವಾಗಿ ಉಳಿಸಿದವರಲ್ಲಿ ಪ್ರೊಟೆಸ್ಟೆಂಟರೇ ಮುಖ್ಯರು. ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿ ಅದನ್ನು ತಮ್ಮ ‘ಕ್ರಿಶ್ಚಿಯನ್ ಲೈಬ್ರರಿ’ ಮಾಲೆಗೆ ಸೇರಿಸಿದರು. ನಿಶ್ಚಲತೆಯ ಆರೋಪ ಲಾರೆನ್ಸರಿಗೆ ಹೊಂದುವುದಿಲ್ಲ. ಹತ್ತು ವರ್ಷ ಹೋರಾಡಿದವರನ್ನು, ದಿನವಿಡೀ ಒಲೆ ಮುಂದೆ ನಿಂತವರನ್ನು ಪ್ರಯತ್ನಗೇಡಿ ಎನ್ನಲಾಗದು.

ನಿಜವಾದ ಕೊರತೆಗಳು ಬೇರೆ ಇವೆ. ಕಾಯಿಲೆ ಬಿದ್ದವರಿಗೆ ಬರೆದ ಪತ್ರಗಳು ಪುಸ್ತಕದ ದುರ್ಬಲ ಭಾಗ. ನೋವು ದೇವರೇ ಕಳಿಸಿದ ಮದ್ದು, ನಿಮಗೆ ನೋವಿನಿಂದ ಬಿಡುಗಡೆಯಾಗಲಿ ಎಂದು ಬೇಡುವುದಿಲ್ಲ, ತಾಳುವ ಶಕ್ತಿ ಕೊಡಲೆಂದು ಬೇಡುತ್ತೇನೆ ಎಂಬ ಧಾಟಿ ಅಲ್ಲಿದೆ. ತನ್ನ ನೋವಿನ ಬಗ್ಗೆ ಹೀಗೆ ಹೇಳಿಕೊಳ್ಳುವುದು ಒಬ್ಬ ಸಂತನಿಗೆ ಒಪ್ಪುತ್ತದೆ. ಇನ್ನೊಬ್ಬರ ಹಾಸಿಗೆಯ ಪಕ್ಕದಲ್ಲಿ ಅದು ಕಠಿಣವಾಗಿ ಕೇಳಿಸುತ್ತದೆ. ಯೇಸು ತಮ್ಮ ಬಳಿ ಬಂದ ರೋಗಿಗಳಿಗೆ ನೋವನ್ನು ತಾಳಿಕೊಳ್ಳಿ ಎಂದು ಹೇಳಿ ಕಳಿಸಲಿಲ್ಲ, ಗುಣಪಡಿಸಿದರು. ಕೀರ್ತನೆಗಳ ಗ್ರಂಥದಲ್ಲಿ ದೇವರನ್ನು ಪ್ರಶ್ನಿಸುವ, ಅಳುವ, ಎಲ್ಲಿದ್ದೀ ಎಂದು ಕೂಗುವ ಪ್ರಾರ್ಥನೆಗಳು ತುಂಬಿವೆ. ಲಾರೆನ್ಸರ ಪುಟಗಳಲ್ಲಿ ಆ ಅಳಲಿಗೆ ಜಾಗ ತೀರ ಕಡಿಮೆ. ನ್ಯಾಯಕ್ಕಾಗಿ ಪಟ್ಟುಹಿಡಿದು ಮತ್ತೆ ಮತ್ತೆ ನ್ಯಾಯಾಧೀಶನ ಬಳಿ ಹೋದ ವಿಧವೆಯ ಸಾಮತಿ ಲೂಕನ ಸುವಾರ್ತೆಯಲ್ಲಿದೆ. ಪ್ರಾರ್ಥನೆಯಲ್ಲಿ ಬಳಲಿ ಬಿಡಬಾರದು ಎಂಬುದಕ್ಕೆ ಯೇಸು ಕೊಟ್ಟ ನಿದರ್ಶನವೇ ಅದು. ಅಂಥ ಹಟದ ಬೇಡಿಕೆಯನ್ನು ಬೇರೆಡೆಯಿಂದಲೇ ಕಲಿಯಬೇಕು. ಪಕ್ಕದವರ ಹಸಿವು, ಊರಿನ ಅನ್ಯಾಯ ಇವೂ ಈ ಪುಸ್ತಕದೊಳಗೆ ಹೆಚ್ಚಾಗಿ ಬರುವುದಿಲ್ಲ.

ಈ ಕೊನೆಯ ಕೊರತೆಯನ್ನು ತುಂಬಿದವರು ಫ್ರಾಂಕ್ ಲೌಬಾಕ್ ಎಂಬ ಅಮೆರಿಕದ ಮಿಷನರಿ. 1930ರಲ್ಲಿ ಫಿಲಿಪ್ಪೀನ್ಸಿನ ಮಿಂಡನಾವೊ ದ್ವೀಪದ ದನ್ಸಲನ್ ಪಟ್ಟಣದಲ್ಲಿ, ಮರನಾವೊ ಮುಸ್ಲಿಮರ ನಡುವೆ ಒಂಟಿಯಾಗಿದ್ದ ಅವರು ಲಾರೆನ್ಸರ ಅಭ್ಯಾಸವನ್ನು ಇನ್ನೂ ಬಿಗಿಯಾಗಿ, ನಿಮಿಷ ನಿಮಿಷದ ಲೆಕ್ಕದಲ್ಲಿ ಪ್ರಯೋಗಿಸಿ ನೋಡಿದರು. ತಂದೆಗೆ ಬರೆದ ಪತ್ರಗಳಲ್ಲಿ ಗೆದ್ದ ದಿನ, ಸೋತ ದಿನ ಎರಡನ್ನೂ ಒಪ್ಪಿಸಿದ್ದಾರೆ. ಅವು 1937ರಲ್ಲಿ ಪುಸ್ತಕವಾದವು. ನಿಮಿಷದ ಲೆಕ್ಕ ಎಲ್ಲರಿಗೂ ಒಗ್ಗುವಂಥದಲ್ಲ. ಮನಸ್ಸು ದೇವರ ಬದಲು ಗಡಿಯಾರವನ್ನೇ ಹಿಡಿದುಬಿಡುವ ಅಪಾಯ ಅದರಲ್ಲಿದೆ. ಗಮನಿಸಬೇಕಾದ ಸಂಗತಿಯೆಂದರೆ, ದಿನವಿಡೀ ಪ್ರಾರ್ಥಿಸಲು ಹೊರಟ ಅವರೂ ಸಂಜೆ ಮನೆಯ ಹಿಂದಿನ ಸಿಗ್ನಲ್ ಹಿಲ್ ಹತ್ತಿ ದೇವರೊಡನೆ ಏಕಾಂತದಲ್ಲಿ ಕೂರುವುದನ್ನು ರೂಢಿಸಿಕೊಂಡಿದ್ದರು. ತನ್ನನ್ನು ಮೇಲೆಂದು ಎಣಿಸಿಕೊಂಡೇ ಆ ಜನರ ನಡುವೆ ಇದ್ದೇನೆಂಬುದು ಅವರಿಗೆ ಹೊಳೆದದ್ದು ಆ ಗುಡ್ಡದ ಮೇಲೆ. ಅಲ್ಲಿಂದ ಇಳಿದವರು ಮರನಾವೊ ಭಾಷೆಗೆ ಸುಲಭ ಓದಿನ ಪಟಗಳನ್ನು ತಯಾರಿಸಿ, ಕಲಿತವರು ಇನ್ನೊಬ್ಬರಿಗೆ ಕಲಿಸುವ ಕ್ರಮ ಹಾಕಿದರು. 1930ರ ದಶಕದಲ್ಲೇ ಆ ಪದ್ಧತಿಯೊಡನೆ ಅವರು ಭಾರತಕ್ಕೂ ಬಂದು, ಇಲ್ಲಿನ ವಯಸ್ಕರ ಶಿಕ್ಷಣಕ್ಕೆ ದುಡಿಯುತ್ತಿದ್ದವರ ಜೊತೆ ಕೆಲಸ ಮಾಡಿದರು.